ಒಂದು ಅಂಕಿ ಎಷ್ಟು ಕೈ ದಾಟಿ ಬರುತ್ತದೆ

ಸಂಶೋಧನಾ ಲೇಖನವೊಂದರ ಕೋಷ್ಟಕದಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ: ‘ಕಳೆದ 28 ದಿನಗಳಲ್ಲಿ ಬಿಂಜ್ – 4’. ಬಿಂಜ್ ಎಂದರೆ ಹಿಡಿತ ತಪ್ಪಿ ಒಮ್ಮೆಗೇ ಬಹಳ ತಿನ್ನುವುದು. ಓದುವವರಿಗೆ ಅದು ಬರೀ ನಾಲ್ಕು. ಆದರೆ ಈಟಿಂಗ್ ಡಿಸಾರ್ಡರ್‌ಗಳ (ಊಟದ ಸುತ್ತ ಕಾಡುವ ಮಾನಸಿಕ ಕಾಯಿಲೆಗಳ) ಲೆಕ್ಕದಲ್ಲಿ ಆ ನಾಲ್ಕು ಸರಿಯಾಗಿ ಗೆರೆಯ ಮೇಲೆ ನಿಂತಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಕಾಯಿಲೆ ಗುರುತಿಸುವ ಕೈಪಿಡಿಯಾದ ಡಿಎಸ್‌ಎಂ-5 ಪ್ರಕಾರ ಬುಲಿಮಿಯಾ (ಬಿಂಜ್ ಆದಮೇಲೆ ವಾಂತಿಯಂಥ ದಾರಿಯಿಂದ ಅದನ್ನು ಸರಿದೂಗಿಸುವುದು) ಅಥವಾ ಬಿಂಜ್ ಈಟಿಂಗ್ ಡಿಸಾರ್ಡರ್ (ಹಾಗೆ ಸರಿದೂಗಿಸದೆ ಬಿಂಜ್ ಮಾತ್ರ) ಎಂದು ಹೇಳಬೇಕಾದರೆ ಸರಾಸರಿ ವಾರಕ್ಕೊಮ್ಮೆಯಂತೆ ಮೂರು ತಿಂಗಳು ಬಿಂಜ್ ಆಗಿರಬೇಕು. ನಾಲ್ಕಾದರೆ ವಾರಕ್ಕೊಂದು. ಮೂರಾದರೆ ಗೆರೆಯ ಕೆಳಗೆ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಬುಲಿಮಿಯಾಕ್ಕೆ ವಾರಕ್ಕೆರಡು ಬಾರಿ ಎಂದಿತ್ತು. ಆಗ ಇದೇ ವ್ಯಕ್ತಿ ಆ ಹೆಸರಿನಡಿ ಬರುತ್ತಲೇ ಇರಲಿಲ್ಲ.

ಈ ನಾಲ್ಕನ್ನು ಬರೆದವರು ಯಾರು? ವಿಶ್ವವಿದ್ಯಾಲಯದ ಲ್ಯಾಬಿನ ಬಾಗಿಲ ಮೇಲೆ ಹೆಸರಿರುವ ಪ್ರಾಧ್ಯಾಪಕರು ಖಂಡಿತ ಅಲ್ಲ. ಅವರ ಕೆಲಸವೂ ದೊಡ್ಡದೇ. ಪ್ರಶ್ನೆ ಹುಡುಕಬೇಕು, ಹಣ ತರಬೇಕು, ನೈತಿಕ ಸಮಿತಿಯ ಮುಂದೆ ಉತ್ತರ ಕೊಡಬೇಕು, ಬೇಕಾದರೆ ಅಧ್ಯಯನವನ್ನೇ ನಿಲ್ಲಿಸುವ ಧೈರ್ಯ ಇರಬೇಕು. ಆದರೆ ಆ ನಾಲ್ಕು ಅವರ ಮೇಜಿಗೆ ಬರುವಷ್ಟರಲ್ಲಿ ಏಳೆಂಟು ಜನರ ಕೈ ದಾಟಿರುತ್ತದೆ. ಫೋನ್ ಎತ್ತಿದವರು, ಒಪ್ಪಿಗೆ ಪತ್ರ ಓದಿ ಹೇಳಿದವರು, ಪ್ರಶ್ನೆ ಕೇಳಿದವರು, ತೂಕ ನೋಡಿದವರು, ತಟ್ಟೆ ತೂಗಿದವರು, ರಕ್ತದ ವರದಿ ಓದಿದವರು, ಕಂಪ್ಯೂಟರಿಗೆ ಏರಿಸಿದವರು. ಇವರಲ್ಲಿ ಯಾರೊಬ್ಬರು ಎಡವಿದರೂ ಅದು ಮೂರಾಗುತ್ತದೆ, ಒಂಬತ್ತಾಗುತ್ತದೆ, ಇಲ್ಲವೇ ಖಾಲಿ ಉಳಿಯುತ್ತದೆ. ಹೀಗಾಗಿ ಇಂದಿನ ಮಾತು ಅವರ ಬಗ್ಗೆ, ಅವರು ಮಾಡುವ ಕೆಲಸದ ಬಗ್ಗೆ.

ಮೊದಲು ಕಾಯಿಲೆಗಳ ಬಗ್ಗೆ ಎರಡು ಮಾತು. ತೂಕ ಏರುವ ಭಯದಲ್ಲಿ ಊಟ ಬಿಟ್ಟು ಮೈ ಇಳಿಯುವ ಅನೊರೆಕ್ಸಿಯಾವನ್ನು 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಬೇರೆಬೇರೆಯಾಗಿ ವಿವರಿಸಿದರು. ಬೊಜ್ಜಿರುವವರಲ್ಲಿ ಕಾಣುವ ಬಿಂಜ್ ಬಗ್ಗೆ ಆಲ್ಬರ್ಟ್ ಸ್ಟಂಕಾರ್ಡ್ 1959ರಲ್ಲಿ ಬರೆದರು. ಬುಲಿಮಿಯಾ ನರ್ವೋಸಾ ಎಂಬ ಹೆಸರನ್ನು ಜೆರಾಲ್ಡ್ ರಸೆಲ್ 1979ರಲ್ಲಿ ಕೊಟ್ಟರು. ಮೂರಕ್ಕೂ ಸಾಮಾನ್ಯವಾದ ಒಂದು ಗುಣವಿದೆ: ಇವು ಅಡಗಿಕೊಳ್ಳುವ ಕಾಯಿಲೆಗಳು. ಅನೊರೆಕ್ಸಿಯಾ ಇರುವವರಿಗೆ ಎಷ್ಟೋ ಸಲ ಅದು ಕಾಯಿಲೆ ಎಂದೇ ಅನ್ನಿಸುವುದಿಲ್ಲ. ಬುಲಿಮಿಯಾ ಇರುವವರಿಗೆ ಅನ್ನಿಸುತ್ತದೆ, ಆದರೆ ಹೇಳಲು ನಾಚಿಕೆ. ಸಕ್ಕರೆ ಕಾಯಿಲೆಯನ್ನು ಒಂದು ಹನಿ ರಕ್ತ ಬಯಲು ಮಾಡುತ್ತದೆ. ಇಲ್ಲಿ ಅಂಥ ಹನಿ ಯಾವುದೂ ಇಲ್ಲ. ಎದುರಿಗೆ ಕೂತು ಕೇಳುವ ಮನುಷ್ಯರೇ ಉಪಕರಣ. ಉಪಕರಣ ಚೆನ್ನಾಗಿರಬೇಕಾದರೆ ಆ ಮನುಷ್ಯರಿಗೆ ತರಬೇತಿ ಬೇಕು, ವಿಶ್ರಾಂತಿ ಬೇಕು, ಮರ್ಯಾದೆ ಬೇಕು.

ಮೊದಲ ಕೈ, ಫೋನಿನ ಹತ್ತಿರ ಕೂತಿರುವ ಕೋಆರ್ಡಿನೇಟರ್‌ರದು. ಅದಕ್ಕೂ ಮೊದಲು ಒಂದು ಪೋಸ್ಟರ್ ಇದೆ, ಅದನ್ನು ಬರೆದವರೂ ಅವರೇ. ಪೋಸ್ಟರಿನಲ್ಲಿ ಎಲುಬು ಕಾಣುವ ಹುಡುಗಿಯ ಚಿತ್ರವನ್ನೋ ತೂಕದ ಯಂತ್ರವನ್ನೋ ಹಾಕಿದರೆ, ಆ ಚಿತ್ರದಲ್ಲಿ ತಮ್ಮನ್ನು ಕಾಣುವವರಷ್ಟೇ ಫೋನ್ ಮಾಡುತ್ತಾರೆ. ಗಂಡಸರು, ನಲವತ್ತು ದಾಟಿದವರು, ದಪ್ಪ ಮೈಯವರು ‘ಇದು ನಮಗಲ್ಲ’ ಎಂದು ಮುಂದೆ ಹೋಗುತ್ತಾರೆ. ತೂಕ ಬಹಳ ಇಳಿದೂ ಇನ್ನೂ ‘ಸಾಮಾನ್ಯ’ ಅಥವಾ ಅದಕ್ಕಿಂತ ಹೆಚ್ಚಿನ ತೂಕದಲ್ಲೇ ಇರುವವರಿಗೆ ಅಟಿಪಿಕಲ್ ಅನೊರೆಕ್ಸಿಯಾ ಇರಬಹುದು. ನಾಡಿ ನಿಧಾನವಾಗುವುದು, ಮುಟ್ಟು ನಿಲ್ಲುವುದು ಅವರಲ್ಲೂ ಆಗುತ್ತದೆ. ಅವರನ್ನು ಬಿಟ್ಟು ಮಾಡಿದ ಅಧ್ಯಯನ ತೆಳ್ಳಗಿರುವವರ ಅಧ್ಯಯನವಾಗುತ್ತದೆಯೇ ಹೊರತು ಕಾಯಿಲೆಯ ಅಧ್ಯಯನವಾಗುವುದಿಲ್ಲ.

ಮೊದಲ ಫೋನ್ ಮಾತುಕತೆಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ವಯಸ್ಸು, ಔಷಧಿಗಳು, ಗರ್ಭಿಣಿಯೇ, ಸ್ಕ್ಯಾನ್ ಇದ್ದರೆ ಮೈಯಲ್ಲಿ ಲೋಹ ಇದೆಯೇ – ಇವೆಲ್ಲ ಸಲೀಸು. ಕಷ್ಟವಿರುವುದು ಕಾಯಿಲೆಯ ಬಗ್ಗೆ ಕೇಳುವಾಗ. ‘ವಾರಕ್ಕೊಮ್ಮೆಯಾದರೂ ಬಿಂಜ್ ಆಗುತ್ತದೆಯೇ?’ ಎಂದು ನೇರವಾಗಿ ಕೇಳಿದರೆ, ಅಧ್ಯಯನಕ್ಕೆ ಸೇರುವ ಆಸೆ ಇರುವವರು ಹೌದು ಎನ್ನುತ್ತಾರೆ. ಬಾಗಿಲು ಎಲ್ಲಿದೆ ಎಂದು ನಾವೇ ತೋರಿಸಿಕೊಟ್ಟಂತಾಯಿತು. ಅದಕ್ಕೇ ‘ಒಂದು ಸಾಮಾನ್ಯ ವಾರದಲ್ಲಿ ಊಟ ತಿಂಡಿ ಹೇಗಿರುತ್ತದೆ, ಹೇಳಿ’ ಎಂದು ಶುರುಮಾಡಿ, ಎಣಿಕೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಕೆಲವು ಲ್ಯಾಬ್‌ಗಳು ಸ್ಕಾಫ್ ಎಂಬ ಐದು ಪ್ರಶ್ನೆಗಳ ಪಟ್ಟಿ ಬಳಸುತ್ತವೆ. 1999ರಲ್ಲಿ ಬಂದ ಆ ಪಟ್ಟಿಯಲ್ಲಿ ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ಮುಂದಕ್ಕೆ ವಿಚಾರಿಸಬೇಕು ಎಂದರ್ಥ. ಅದು ಜರಡಿ ಮಾತ್ರ, ರೋಗನಿರ್ಣಯವಲ್ಲ. ಈ ವ್ಯತ್ಯಾಸ ಮರೆತು ಫೋನಿನಲ್ಲೇ ‘ನಿಮಗೆ ಬುಲಿಮಿಯಾ ಇದೆ’ ಎಂದುಬಿಡುವುದು ಹೊಸಬರು ಮಾಡುವ ತಪ್ಪು.

ಸಾಯುವ ಯೋಚನೆ ಬಂದಿದೆಯೇ ಎಂಬ ಪ್ರಶ್ನೆಯೂ ಆ ಫೋನಿನಲ್ಲೇ ಇರುತ್ತದೆ. ಇದನ್ನು ಬಿಡುವಂತಿಲ್ಲ. 36 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅನೊರೆಕ್ಸಿಯಾ ಇರುವವರಲ್ಲಿ ಸಾವುಗಳು ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ನಿರೀಕ್ಷಿಸುವುದಕ್ಕಿಂತ 5.86 ಪಟ್ಟು. ಸತ್ತವರಲ್ಲಿ ಐವರಿಗೊಬ್ಬರದು ಆತ್ಮಹತ್ಯೆ. ಹಾಗಾಗಿ ಫೋನಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿರಬೇಕು: ‘ಹೌದು’ ಎಂದರೆ ಮುಂದಿನ ಪ್ರಶ್ನೆ ಏನು, ಈ ಹೊತ್ತಿನಲ್ಲಿ ಕರೆ ಮಾಡಬೇಕಾದ ವೈದ್ಯರು ಯಾರು, ಅವರು ಸಿಗದಿದ್ದರೆ ಎರಡನೆಯವರು ಯಾರು. ಅದೇ ದಿನ ವೈದ್ಯರು ಮಾತಾಡಬೇಕು. ವ್ಯಕ್ತಿ ಅಧ್ಯಯನಕ್ಕೆ ಸೇರುತ್ತಾರೋ ಇಲ್ಲವೋ ಎಂಬುದು ಆಮೇಲಿನ ಮಾತು.

ಒಪ್ಪಿಗೆ ಪತ್ರವನ್ನು ಓದಿ ಹೇಳುವವರು ಆ ವ್ಯಕ್ತಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರಾಗಿರಬಾರದು. ‘ಬೇಡ ಅಂದರೆ ಡಾಕ್ಟರಿಗೆ ಬೇಜಾರಾದೀತು’ ಎಂದು ಹೂಂ ಎನ್ನುವವರು ಬಹಳ. ಹದಿನೆಂಟರ ಒಳಗಿನವರಿಗೆ ತಂದೆತಾಯಿಯ ಅನುಮತಿ ಸಾಲದು, ಆ ಹುಡುಗ ಅಥವಾ ಹುಡುಗಿಯ ಸ್ವಂತ ಸಮ್ಮತಿಯೂ ಬೇಕು. ಗುಟ್ಟು ಎಲ್ಲಿಯವರೆಗೆ ಗುಟ್ಟಾಗಿರುತ್ತದೆ, ಯಾವ ಸಂದರ್ಭದಲ್ಲಿ ಮನೆಯವರಿಗೋ ವೈದ್ಯರಿಗೋ ಹೇಳಬೇಕಾಗುತ್ತದೆ ಎಂಬುದನ್ನು ಸಹಿಗೆ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಅದು ಮೋಸದಂತೆಯೇ ಕಾಣುತ್ತದೆ.

ಈಗ ನಮ್ಮ ನಾಲ್ಕು ಹುಟ್ಟುವ ಕೋಣೆಗೆ ಬರೋಣ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ.

ಬಹಳಷ್ಟು ಲ್ಯಾಬ್‌ಗಳು ಬಳಸುವುದು ಈಟಿಂಗ್ ಡಿಸಾರ್ಡರ್ ಎಕ್ಸಾಮಿನೇಷನ್, ಅಂದರೆ ಇಡಿಇ ಎಂಬ ಸಂದರ್ಶನ. ಜಾಫ್ರಾ ಕೂಪರ್ ಮತ್ತು ಕ್ರಿಸ್ಟೋಫರ್ ಫೇರ್‌ಬರ್ನ್ 1987ರಲ್ಲಿ ಪ್ರಕಟಿಸಿದ್ದು. ಮುಖ್ಯವಾಗಿ ಕಳೆದ 28 ದಿನಗಳ ಬಗ್ಗೆ ಕೇಳುತ್ತದೆ. ಉತ್ತರಗಳಿಗೆ 0ಯಿಂದ 6ರವರೆಗೆ ಅಂಕ. ಇದರ ವಿಶೇಷವೆಂದರೆ ಅಂಕ ಕೊಡುವವರು ಉತ್ತರ ಹೇಳುವವರಲ್ಲ, ಸಂದರ್ಶಕರು. ‘ತುಂಬಾ ತಿಂದುಬಿಟ್ಟೆ’ ಎಂದು ಒಬ್ಬರು ಹೇಳಿದರೆ ಅದನ್ನು ಹಾಗೇ ಬರೆದುಕೊಳ್ಳುವುದಿಲ್ಲ. ಏನು, ಎಷ್ಟು, ಎಷ್ಟು ಹೊತ್ತಿನಲ್ಲಿ, ಜೊತೆಗೆ ಯಾರಿದ್ದರು, ಅವರೆಷ್ಟು ತಿಂದರು ಎಂದು ಕೇಳುತ್ತಾರೆ.

ಬಿಂಜ್ ಎನ್ನಲು ಎರಡು ಅಂಶಗಳು ಒಟ್ಟಿಗೆ ಇರಬೇಕು. ಅಂಥದೇ ಸಂದರ್ಭದಲ್ಲಿ ಹೆಚ್ಚಿನ ಜನ ತಿನ್ನುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು ತಿಂದಿರಬೇಕು. ತಿನ್ನುವಾಗ ತನ್ನ ಹಿಡಿತ ತಪ್ಪಿತು, ನಿಲ್ಲಿಸಲಾಗಲಿಲ್ಲ ಎಂಬ ಅನುಭವ ಆಗಿರಬೇಕು. ಪ್ರಮಾಣ ದೊಡ್ಡದೋ ಅಲ್ಲವೋ ಎಂದು ತೀರ್ಮಾನಿಸುವವರು ಸಂದರ್ಶಕರು. ಹಿಡಿತ ತಪ್ಪಿತೋ ಇಲ್ಲವೋ ಎಂದು ಹೇಳಬಲ್ಲವರು ಅನುಭವಿಸಿದವರು ಮಾತ್ರ. ಹಿಡಿತ ತಪ್ಪಿದೆ, ಆದರೆ ತಿಂದದ್ದು ಎರಡೇ ಬಿಸ್ಕತ್ತು ಎಂದಾದರೆ ಅದು ‘ಸಬ್ಜೆಕ್ಟಿವ್’ ಬಿಂಜ್, ಬೇರೆ ಸಾಲಿಗೆ ಹೋಗುತ್ತದೆ. ಬಹಳ ತಿಂದಿದ್ದಾರೆ, ಹಿಡಿತವೂ ಇತ್ತು ಎಂದಾದರೆ ಅದು ಬರೀ ಹೆಚ್ಚಿನ ಊಟ. ಅನೊರೆಕ್ಸಿಯಾ ಇರುವವರು ಎರಡು ಬಿಸ್ಕತ್ತನ್ನೂ ‘ಬಿಂಜ್’ ಎಂದೇ ಕರೆಯುತ್ತಾರೆ, ಅದರ ನೋವು ನಿಜವಾದದ್ದೇ. ಆದರೆ ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಆ ಸಾಲಿಗೆ ಅರ್ಥವೇ ಉಳಿಯುವುದಿಲ್ಲ.

ಎಣಿಕೆಯಲ್ಲೂ ನಿಯಮವಿದೆ. ಒಂದೇ ಸಂಜೆ ಎರಡು ಸಲ ತಿಂದರೆ ಅದು ಒಂದೋ ಎರಡೋ? ಸಾಮಾನ್ಯವಾಗಿ ಆ ವ್ಯಕ್ತಿ ಹೇಳಿದಂತೆ. ಆದರೆ ನಡುವೆ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಏನೂ ತಿನ್ನದೆ ಇದ್ದರೆ ಮೊದಲನೆಯದು ಮುಗಿಯಿತು ಎಂದು ಹಿಡಿಯಬೇಕು. ವಾಂತಿಗೆ ಹೋದ ಹೊತ್ತನ್ನು ಆ ಗಂಟೆಯಲ್ಲಿ ಲೆಕ್ಕ ಹಾಕಬಾರದು. ಈ ಒಂದು ನಿಯಮ ತಿಳಿಯದ ಸಂದರ್ಶಕರ ಕೈಯಲ್ಲಿ ಮೂರು ನಾಲ್ಕಾಗುತ್ತದೆ, ನಾಲ್ಕು ಮೂರಾಗುತ್ತದೆ.

ನೆನಪಿನ ಕಷ್ಟವೂ ಇದೆ. ಮೂರು ವಾರದ ಹಿಂದಿನ ಮಂಗಳವಾರ ಏನು ತಿಂದೆ ಎಂದು ಯಾರಿಗೆ ನೆನಪಿರುತ್ತದೆ? ಅದಕ್ಕೇ ಸಂದರ್ಶನ ಶುರುವಾಗುವುದು ಖಾಲಿ ಕ್ಯಾಲೆಂಡರಿನಿಂದ. ಪರೀಕ್ಷೆ ಇದ್ದ ದಿನ, ಪ್ರಯಾಣ ಹೋದ ದಿನ, ಜ್ವರ ಬಂದ ದಿನ, ಜಗಳವಾದ ದಿನ – ಇವನ್ನೆಲ್ಲ ಮೊದಲು ಗುರುತು ಹಾಕಿಕೊಂಡು ಆಮೇಲೆ ಊಟದ ಮಾತಿಗೆ ಬರುತ್ತಾರೆ. ಆತುರಕ್ಕೆ ಕ್ಯಾಲೆಂಡರ್ ಬಿಟ್ಟರೆ ಜನ ಕಳೆದ ಮೂರು ದಿನವನ್ನೇ ಇಡೀ ತಿಂಗಳಿಗೆ ಹರಡಿ ಹೇಳುತ್ತಾರೆ.

ಇದೇ ಸಂದರ್ಶನದ ಪ್ರಶ್ನಾವಳಿ ರೂಪವನ್ನು ಫೇರ್‌ಬರ್ನ್ ಮತ್ತು ಬೆಗ್ಲಿನ್ 1994ರಲ್ಲಿ ತಂದರು. ಅದನ್ನು ಬೇಗ ತುಂಬಬಹುದು, ಸಂದರ್ಶಕರ ಖರ್ಚಿಲ್ಲ. ಎರಡನ್ನೂ ಹೋಲಿಸಿದಾಗ ತಿಳಿದದ್ದು ಸ್ವಾರಸ್ಯಕರ: ವಾಂತಿಯಂಥ ಕಣ್ಣಿಗೆ ಕಾಣುವ ನಡವಳಿಕೆಯ ಎಣಿಕೆ ಎರಡರಲ್ಲೂ ಹೆಚ್ಚುಕಡಿಮೆ ಹೊಂದುತ್ತದೆ. ಬಿಂಜ್, ಮೈಕಟ್ಟಿನ ಚಿಂತೆ ಇಂಥವುಗಳಲ್ಲಿ ಪ್ರಶ್ನಾವಳಿ ಹೆಚ್ಚು ತೋರಿಸುತ್ತದೆ. ವಾಂತಿ ಎಂದರೇನು ಎಂದು ಯಾರೂ ವಿವರಿಸಬೇಕಿಲ್ಲ. ಬಿಂಜ್ ಎಂದರೇನು ಎಂಬುದಕ್ಕೆ ವಿವರಣೆ ಬೇಕು, ಕಾಗದ ಆ ವಿವರಣೆ ಕೊಡಲಾರದು. ಸಂದರ್ಶಕರ ಸಂಬಳ ಉಳಿಸಲು ಕಾಗದ ಸಾಕು ಎನ್ನುವವರು ಈ ಹೋಲಿಕೆಯನ್ನು ಒಮ್ಮೆ ಗಮನಿಸಬೇಕು.

ಭಾಷೆಯ ಮಾತೂ ಇಲ್ಲೇ ಬರುತ್ತದೆ. ಕನ್ನಡದಲ್ಲಿ ಈ ಪ್ರಶ್ನೆ ಕೇಳಬೇಕಾದರೆ ‘ಹೊಟ್ಟೆಬಾಕತನ’ ಎಂಬ ಪದ ಕೈಗೆ ಸಿದ್ಧವಾಗಿ ಸಿಗುತ್ತದೆ. ಆದರೆ ಅದು ಬೈಗುಳ. ಬೈಗುಳ ಹಾಕಿ ಕೇಳಿದರೆ ಯಾರು ಹೌದು ಅಂದಾರು? ‘ಹೊಟ್ಟೆ ಬಿರಿಯುವಂತೆ ತಿನ್ನುವುದು’ ಪ್ರಮಾಣವನ್ನು ಹೇಳುತ್ತದೆ, ಹಿಡಿತ ತಪ್ಪುವುದನ್ನು ಹೇಳುವುದಿಲ್ಲ. ‘ಕೈಮೀರಿ ತಿನ್ನುವುದು’ ಹಿಡಿತವನ್ನು ಹೇಳುತ್ತದೆ, ಪ್ರಮಾಣವನ್ನು ಬಿಡುತ್ತದೆ. ಯಾವ ಭಾಷೆಗೆ ತಂದರೂ ಇಂಥ ತೊಡಕು ಇದ್ದದ್ದೇ. ಒಬ್ಬರು ಅನುವಾದ ಮಾಡಿ, ಮೂಲ ನೋಡದ ಇನ್ನೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸಿ, ಕೊನೆಗೆ ಕೆಲವರ ಮುಂದೆ ಓದಿ ‘ನಿಮಗೇನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಬೇಕು. ಈ ಕೊನೆಯ ಹೆಜ್ಜೆಯನ್ನೇ ಸಮಯವಿಲ್ಲವೆಂದು ಬಿಟ್ಟುಬಿಡುತ್ತಾರೆ. ಬಿಡಲೇಬಾರದ ಹೆಜ್ಜೆ ಅದು.

ಸಂದರ್ಶಕರನ್ನು ತಯಾರು ಮಾಡುವುದು ಹೇಗೆ? ಮೊದಲು ಅನುಭವಿಗಳ ಧ್ವನಿಮುದ್ರಿಕೆ ಕೇಳಿ ಸ್ವತಂತ್ರವಾಗಿ ಅಂಕ ಹಾಕುತ್ತಾರೆ, ಹೊಂದದ ಜಾಗಗಳನ್ನು ಚರ್ಚಿಸುತ್ತಾರೆ. ಆಮೇಲೆ ಅನುಭವಿಗಳ ಪಕ್ಕ ಕೂತು ನೋಡುತ್ತಾರೆ. ಆಮೇಲೆ ತಾವೇ ಮಾಡುತ್ತಾರೆ, ಅನುಭವಿಗಳು ಪಕ್ಕದಲ್ಲಿರುತ್ತಾರೆ. ಅಧ್ಯಯನ ನಡೆಯುತ್ತಿರುವಾಗಲೂ ಮುದ್ರಿಕೆಗಳಲ್ಲಿ ಒಂದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಎರಡನೆಯವರಿಂದ ಅಂಕ ಹಾಕಿಸಿ, ಹೊಂದಾಣಿಕೆಯನ್ನು ಲೆಕ್ಕ ಹಾಕುತ್ತಾರೆ. ಯಾಕೆಂದರೆ ಮನುಷ್ಯರು ಜಾರುತ್ತಾರೆ. ದೊಡ್ಡ ದೊಡ್ಡ ಬಿಂಜ್‌ಗಳ ವಿವರಣೆಯನ್ನು ನೂರು ಸಲ ಕೇಳಿದ ಸಂದರ್ಶಕರಿಗೆ ಆರು ತಿಂಗಳ ಮೇಲೆ ‘ದೊಡ್ಡ ಪ್ರಮಾಣ’ದ ಅಳತೆಯೇ ಬದಲಾಗಿರುತ್ತದೆ. ಮೊದಲು ದೊಡ್ಡದೆನಿಸಿದ್ದು ಈಗ ಸಾಧಾರಣ ಎನಿಸುತ್ತದೆ. ಅವರಿಗೆ ಅದು ತಿಳಿದೂ ಇರುವುದಿಲ್ಲ. ಎರಡನೆಯ ಕಿವಿ ಮಾತ್ರ ಅದನ್ನು ಹಿಡಿಯಬಲ್ಲದು.

ಚಿಕಿತ್ಸೆಯ ಪ್ರಯೋಗವಾದರೆ ಇನ್ನೊಂದು ಎಚ್ಚರ: ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂಬುದು ಸಂದರ್ಶಕರಿಗೆ ಗೊತ್ತಿರಬಾರದು. ಅದು ಹೊರಬೀಳುವುದು ಸಾಮಾನ್ಯವಾಗಿ ಭಾಗವಹಿಸಿದವರ ಬಾಯಿಂದಲೇ. ‘ನಮ್ಮ ಥೆರಪಿಸ್ಟ್ ಮನೆಮಂದಿಯನ್ನೆಲ್ಲ ಕೂರಿಸಿ ಹೇಳಿದರು’ ಎಂದರೆ ಮುಗಿಯಿತು, ಅದು ಕುಟುಂಬ ಆಧಾರಿತ ಚಿಕಿತ್ಸೆ. ಸಂದರ್ಶನ ಶುರುವಾಗುವ ಮೊದಲೇ ‘ಚಿಕಿತ್ಸೆಯ ಬಗ್ಗೆ ನನಗೆ ಹೇಳಬೇಡಿ’ ಎಂದು ವಿನಂತಿಸಬೇಕು. ಹಾಗಿದ್ದೂ ಗೊತ್ತಾದರೆ ದಾಖಲಿಸಿ, ಮುಂದಿನ ಸಂದರ್ಶನವನ್ನು ಬೇರೆಯವರಿಗೆ ಕೊಡಬೇಕು.

ತೂಕವನ್ನು ಸಂದರ್ಶನದ ನಂತರ ನೋಡುವುದು ಒಳ್ಳೆಯದು. ಮೊದಲೇ ನೋಡಿದರೆ ಆಮೇಲಿನ ಉತ್ತರಗಳೆಲ್ಲ ಆ ಅಂಕಿಯ ನೆರಳಿನಲ್ಲೇ ಬರುತ್ತವೆ. ಶೂ, ಬೆಲ್ಟ್, ಜೇಬಿನಲ್ಲಿರುವ ವಸ್ತುಗಳನ್ನು ತೆಗೆದು, ತೆಳುವಾದ ಗೌನ್ ಹಾಕಿ, ಮೂತ್ರ ಮಾಡಿ ಬಂದ ಮೇಲೆ ಯಂತ್ರದ ಮೇಲೆ ನಿಲ್ಲಬೇಕು, ಯಂತ್ರದ ಅಂಕಿಗೆ ಬೆನ್ನು ಮಾಡಿ. ಮೂತ್ರ ಮಾಡಿಸುವುದಕ್ಕೆ ಕಾರಣವಿದೆ: ಒಂದು ಲೀಟರ್ ನೀರು ಕುಡಿದರೆ ಒಂದು ಕಿಲೋ ಏರುತ್ತದೆ. ಆಸ್ಪತ್ರೆಗೆ ಸೇರಿಸಿಬಿಟ್ಟಾರು ಎಂಬ ಭಯದಲ್ಲಿ ಹೀಗೆ ಮಾಡುವವರಿದ್ದಾರೆ. ಮೂತ್ರದ ಸ್ಪೆಸಿಫಿಕ್ ಗ್ರಾವಿಟಿ (ಅದು ಎಷ್ಟು ಗಾಢವಾಗಿದೆ ಎಂಬ ಅಳತೆ) 1.005ಕ್ಕಿಂತ ಕಡಿಮೆ ಬಂದರೆ ನೀರು ತುಂಬಿಸಿಕೊಂಡಿರುವ ಅನುಮಾನ ಬರುತ್ತದೆ. ಹಾಗೆ ಕಂಡಾಗ ಗದರಿಸುವುದಲ್ಲ. ಇನ್ನೊಂದು ದಿನ ಬೆಳಿಗ್ಗೆ ಮತ್ತೆ ತೂಗುವುದು, ವೈದ್ಯರಿಗೆ ತಿಳಿಸುವುದು.

ಎತ್ತರವನ್ನು ಕೇಳಿ ಬರೆದುಕೊಳ್ಳಬಾರದು, ಅಳೆಯಬೇಕು. 44 ಕಿಲೋ ತೂಕದ ವಯಸ್ಕರೊಬ್ಬರ ಎತ್ತರ 160 ಸೆಂಟಿಮೀಟರ್ ಎಂದು ಬರೆದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 17.2, ಡಿಎಸ್‌ಎಂ-5ರ ಪ್ರಕಾರ ಅನೊರೆಕ್ಸಿಯಾದ ‘ಮೈಲ್ಡ್’ ಹಂತ. 162 ಎಂದು ಬರೆದರೆ 16.8, ‘ಮಾಡರೇಟ್’. ಎರಡು ಸೆಂಟಿಮೀಟರಿಗೆ ಹಂತವೇ ಬದಲು. ಬೆಳೆಯುವ ಮಕ್ಕಳಿಗಂತೂ ವಯಸ್ಕರ ಬಿಎಂಐ ಪಟ್ಟಿ ನಡೆಯುವುದೇ ಇಲ್ಲ. ಆ ವಯಸ್ಸಿಗೆ, ಲಿಂಗಕ್ಕೆ ತಕ್ಕ ಬೆಳವಣಿಗೆಯ ರೇಖೆಯೊಡನೆ ಹೋಲಿಸಬೇಕು.

ತೂಕ ನೋಡುವ ರಿಸರ್ಚ್ ಅಸಿಸ್ಟೆಂಟ್ ಕಲಿಯಬೇಕಾದ ಅತಿ ಕಷ್ಟದ ವಿದ್ಯೆ ಮುಖವನ್ನು ಹತೋಟಿಯಲ್ಲಿಡುವುದು. ಹುಬ್ಬು ಏರಿದರೂ ಎದುರಿನವರು ಓದಿಬಿಡುತ್ತಾರೆ. ‘ಚೆನ್ನಾಗಿ ಕಾಣ್ತಿದ್ದೀರಿ’ ಎಂಬ ಒಳ್ಳೆಯ ಮಾತು ಕೂಡ ಇಲ್ಲಿ ‘ದಪ್ಪಗಾಗಿದ್ದೀರಿ’ ಎಂದು ಕೇಳಿಸುತ್ತದೆ. ‘ಆಯಿತು, ಇಳಿಯಿರಿ’ ಎಂದಷ್ಟೇ ಹೇಳಿದರೆ ಸಾಕು. ಲ್ಯಾಬಿನ ಕಾರಿಡಾರಿನಲ್ಲಿ ಡಯಟ್ ಮಾತು, ತೂಕದ ಮಾತು ಆಡಬಾರದೆಂಬ ನಿಯಮ ಇರುವುದೂ ಇದಕ್ಕೇ. ಕೋಣೆಯ ಸಾಮಾನುಗಳಿಗೂ ಇದೇ ಮಾತು ಅನ್ವಯ. ಕೈಹಿಡಿ ಇಲ್ಲದ ಅಗಲ ಕುರ್ಚಿಗಳಿರಬೇಕು. ತೂಕದ ಯಂತ್ರ 150 ಕಿಲೋಗೇ ನಿಲ್ಲುವಂತಿರಬಾರದು. ಬಿಪಿ ಪಟ್ಟಿ ಎರಡು ಮೂರು ಅಳತೆಯಲ್ಲಿರಬೇಕು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ಬಿಂಜ್ ಈಟಿಂಗ್ ಡಿಸಾರ್ಡರ್ ಇರುವ ದೊಡ್ಡ ಮೈಯವರು ಕೂರಲು ಕುರ್ಚಿ ಇಲ್ಲದ ಕೋಣೆಗೆ ಎರಡನೇ ಸಲ ಬರುವುದಿಲ್ಲ.

ಕೆಲವು ಲ್ಯಾಬ್‌ಗಳಲ್ಲಿ ಅಡುಗೆಮನೆಯೂ ಇರುತ್ತದೆ. ಹ್ಯಾರಿ ಕಿಸಿಲೆಫ್ ಮತ್ತು ಸಂಗಡಿಗರು 1980ರಲ್ಲಿ ವಿವರಿಸಿದ ಯೂನಿವರ್ಸಲ್ ಈಟಿಂಗ್ ಮಾನಿಟರ್ ಎಂಬ ಏರ್ಪಾಡಿನಲ್ಲಿ ತಟ್ಟೆಯ ಕೆಳಗೆ, ಮೇಜಿನೊಳಗೆ ತಕ್ಕಡಿ ಅಡಗಿರುತ್ತದೆ. ತಟ್ಟೆ ಹಗುರಾಗುತ್ತ ಹೋಗುವುದನ್ನು ಅದು ಬಿಡದೆ ದಾಖಲಿಸುತ್ತದೆ, ತಿನ್ನುವ ವೇಗದ ರೇಖೆಯೇ ಸಿಗುತ್ತದೆ. ಇಲ್ಲಿ ಡಯಟಿಷಿಯನ್ ಕೆಲಸ ಬಲು ಸೂಕ್ಷ್ಮ. ಬೆಳಿಗ್ಗೆ ಎಲ್ಲರಿಗೂ ಒಂದೇ ತಿಂಡಿ, ಅಲ್ಲಿಂದ ನಿಗದಿತ ಗಂಟೆಗಳ ಅಂತರ. ಆಹಾರವನ್ನು ಮೊದಲೂ ನಂತರವೂ ಗ್ರಾಂ ಲೆಕ್ಕದಲ್ಲಿ ತೂಗಬೇಕು, ಮೇಜಿನ ಮೇಲೆ ಬಿದ್ದ ಚೂರು, ಕರವಸ್ತ್ರಕ್ಕೆ ಒರೆಸಿದ್ದು ಎಲ್ಲವೂ ಸೇರಿ. ಕರವಸ್ತ್ರದಲ್ಲಿ ಮುಚ್ಚಿಟ್ಟ ಆಹಾರ ತೂಗದೇ ಕಸಕ್ಕೆ ಹೋದರೆ ಅಷ್ಟನ್ನೂ ‘ತಿಂದಿದ್ದಾರೆ’ ಎಂದು ಬರೆದಂತಾಗುತ್ತದೆ. ಸೂಚನೆಯನ್ನು ಕಾರ್ಡು ನೋಡಿ ಅಕ್ಷರಶಃ ಓದಬೇಕು: ‘ಎಂದಿನಂತೆ ತಿನ್ನಿ’ ಮತ್ತು ‘ಬಿಂಜ್ ಆದಾಗ ತಿನ್ನುವಂತೆ ತಿನ್ನಿ’ ಎಂಬ ಎರಡು ಸೂಚನೆಗಳಿಗೆ ಒಂದೇ ವ್ಯಕ್ತಿ ಬೇರೆಬೇರೆ ಪ್ರಮಾಣ ತಿನ್ನುತ್ತಾರೆ. ಬಾಯಿಪಾಠದಲ್ಲಿ ಹೇಳಲು ಹೋಗಿ ಒಂದು ಪದ ಬದಲಾದರೆ ಆ ದಿನದ ಊಟ ಲೆಕ್ಕಕ್ಕೆ ಬಾರದು.

ಊಟವಾದ ಮೇಲೆ ಬಾತ್‌ರೂಮಿಗೆ ಹೋಗುವ ಬಗ್ಗೆ ಮೊದಲೇ ಮಾತಾಗಿರಬೇಕು. ಪದೇ ಪದೇ ವಾಂತಿ ಮಾಡುವವರ, ಭೇದಿ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರುತ್ತದೆ. ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರಬೇಕಾದದ್ದು 3ರ ಕೆಳಗೆ ಹೋದರೆ ಹೃದಯದ ಬಡಿತ ತಪ್ಪುವ ಅಪಾಯ. ಹೊರಗಿನಿಂದ ಅವರು ಆರೋಗ್ಯವಾಗಿಯೇ ಕಾಣುತ್ತಾರೆ. ಹೀಗಾಗಿ ಸಂಶೋಧನೆಗೆಂದು ತೆಗೆದ ರಕ್ತವಾದರೂ ಪೊಟ್ಯಾಸಿಯಂ ವರದಿಯನ್ನು ಅದೇ ದಿನ ಒಬ್ಬ ವೈದ್ಯರು ಕಣ್ಣಾಡಿಸಿ ಸಹಿ ಹಾಕಬೇಕು. ‘ಎಲ್ಲ ಮಾದರಿಗಳೂ ಬಂದ ಮೇಲೆ ಒಟ್ಟಿಗೆ ನೋಡೋಣ’ ಎಂಬುದು ಈ ವಿಷಯದಲ್ಲಿ ಸಲ್ಲದು. ಬಹಳ ದಿನ ಉಣ್ಣದವರು ಮತ್ತೆ ಉಣ್ಣಲು ಶುರುಮಾಡಿದ ಮೊದಲ ವಾರದಲ್ಲಿ ಇನ್ನೊಂದು ಅಪಾಯವಿದೆ. ಏರಿದ ಇನ್ಸುಲಿನ್ ಫಾಸ್ಫೇಟನ್ನು ಜೀವಕೋಶಗಳೊಳಗೆ ತಳ್ಳುತ್ತದೆ, ರಕ್ತದಲ್ಲಿ ಅದು ಕುಸಿಯುತ್ತದೆ. ಇದೇ ರಿಫೀಡಿಂಗ್ ಸಿಂಡ್ರೋಮ್. ಅಧ್ಯಯನದ ವೈದ್ಯರು ಆ ವಾರ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರನ್ನೂ ಮತ್ತೆ ಮತ್ತೆ ನೋಡುತ್ತಾರೆ. ಹಗಲಿನಲ್ಲೇ ನಾಡಿ 50ರ ಕೆಳಗಿದ್ದರೆ ಲ್ಯಾಬಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ, ಚಿಕಿತ್ಸೆಯ ಕೆಲಸ ಶುರುವಾಗುತ್ತದೆ.

ಹಸಿವಿನ ಹಾರ್ಮೋನ್ ಗ್ರೆಲಿನ್ ಅಳೆಯುವುದಾದರೆ ರಕ್ತ ತೆಗೆದವರ ಕೈ ಚುರುಕಾಗಿರಬೇಕು. ಅದರ ಸಕ್ರಿಯ ರೂಪ ಕೊಳವೆಯಲ್ಲೇ ಬೇಗ ಒಡೆದುಹೋಗುತ್ತದೆ. ಮೊದಲೇ ತಣ್ಣಗಿಟ್ಟ, ಒಡೆಯದಂತೆ ತಡೆಯುವ ರಾಸಾಯನಿಕ ಹಾಕಿದ ಕೊಳವೆ, ಕೂಡಲೇ ಐಸ್, ಕೂಡಲೇ ಸೆಂಟ್ರಿಫ್ಯೂಜ್, ಆಮೇಲೆ ಮೈನಸ್ 80 ಡಿಗ್ರಿಯ ಫ್ರೀಜರ್. ಅರ್ಧ ಗಂಟೆ ಟೇಬಲ್ ಮೇಲೆ ಮರೆತ ಕೊಳವೆ ಹಸಿವೇ ಇಲ್ಲದ ಮನುಷ್ಯರನ್ನು ಸೃಷ್ಟಿಸಬಲ್ಲದು.

ಯಾವಾಗ ಅಳೆದರು ಎಂಬುದೂ ಮುಖ್ಯ. 1944–45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಉಣಿಸಿದರು. ಅವರೆಲ್ಲ ಸೈನ್ಯಕ್ಕೆ ಸೇರಲು ಮನಸ್ಸಾಕ್ಷಿಯ ಕಾರಣದಿಂದ ಒಪ್ಪದ, ಈ ಪ್ರಯೋಗಕ್ಕೆ ತಾವಾಗಿ ಬಂದವರು. ತೂಕದ ಸುಮಾರು ಕಾಲುಭಾಗ ಇಳಿಯಿತು. ಊಟದ ಬಗ್ಗೆ ಮೊದಲು ಯಾವ ಗೀಳೂ ಇಲ್ಲದವರು ದಿನವಿಡೀ ಅದನ್ನೇ ಯೋಚಿಸತೊಡಗಿದರು, ಅಡುಗೆ ಪುಸ್ತಕ ಓದತೊಡಗಿದರು, ಮಂಕಾದರು, ಒಂಟಿಯಾದರು. ಮನೋವಿಜ್ಞಾನಿ ಯೋಸೆಫ್ ಬ್ರೋಜೆಕ್ ಅದನ್ನೆಲ್ಲ ಶ್ರದ್ಧೆಯಿಂದ ದಾಖಲಿಸಿದರು. ಇಂದಿಗೂ ಅದು ಪ್ರತಿ ಲ್ಯಾಬಿಗೂ ಎಚ್ಚರಿಕೆ. ತೂಕ ಬಹಳ ಕಡಿಮೆ ಇರುವಾಗ ಕಂಡ ಮನಸ್ಸು, ಕಂಡ ಮೆದುಳು ಕಾಯಿಲೆಯದೋ ಬರೀ ಹಸಿವಿನದೋ ಎಂದು ಬೇರೆ ಮಾಡುವುದು ಕಷ್ಟ. ಎಂಆರ್‌ಐ ಚಿತ್ರದಲ್ಲಿ ಕುಗ್ಗಿದಂತೆ ಕಾಣುವ ಮೆದುಳು ತೂಕ ಮರಳಿದಾಗ ಬಹುಮಟ್ಟಿಗೆ ಹಿಂದಿನಂತಾಗುತ್ತದೆ. ಹಾಗಾಗಿ ಚೇತರಿಸಿಕೊಂಡವರನ್ನೂ ಅಳೆಯಬೇಕು. ಚೇತರಿಕೆ ಎಂದರೆ ತೂಕ ಮಾತ್ರವೇ, ನಡವಳಿಕೆಯೂ ಸೇರಿಯೇ, ಮನಸ್ಸಿನ ಚಿಂತೆಯೂ ಹೋಗಿರಬೇಕೇ ಎಂದು ಮೊದಲೇ ಬರೆದಿಡಬೇಕು. ವ್ಯಾಖ್ಯೆ ಬದಲಾದಂತೆ ಚೇತರಿಸಿಕೊಂಡವರ ಸಂಖ್ಯೆಯೂ ಬದಲಾಗುತ್ತದೆ.

ವಂಶವಾಹಿಗಳ ಕೆಲಸ ಒಂದು ಲ್ಯಾಬಿನ ಕೈಯಲ್ಲಿ ಆಗುವಂಥದ್ದಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅನೊರೆಕ್ಸಿಯಾ ಇದ್ದ 16,992 ಮಂದಿ, ಇಲ್ಲದ 55,525 ಮಂದಿ ಸೇರಿ ವಂಶವಾಹಿಗಳ ಸಾಲಿನಲ್ಲಿ ಕಾಯಿಲೆಯೊಡನೆ ನಂಟಿರುವ ಎಂಟು ಜಾಗಗಳು ಪತ್ತೆಯಾದವು. ಆ ಸಂಖ್ಯೆಯ ಹಿಂದೆ ಅನೇಕ ದೇಶಗಳಲ್ಲಿ ಒಂದೊಂದೇ ಮಾದರಿಗೆ ಲೇಬಲ್ ಅಂಟಿಸಿದ ಕೈಗಳಿವೆ.

ಮನೆಗೆ ಹೋದ ಮೇಲೂ ಅಧ್ಯಯನ ನಡೆಯುವುದುಂಟು. ಫೋನಿಗೆ ದಿನಕ್ಕೆ ಐದಾರು ಸಲ, ಒಂದೆರಡು ವಾರ, ಚಿಕ್ಕ ಪ್ರಶ್ನೆಗಳು ಬರುತ್ತವೆ: ಈಗ ಮನಸ್ಸು ಹೇಗಿದೆ, ಏನಾದರೂ ತಿಂದಿರಾ, ಹಿಡಿತವಿತ್ತೇ. ಬಿಂಜ್‌ಗೆ ಮೊದಲು ಮನಸ್ಸು ಭಾರವಾಗುತ್ತದೆ ಎಂದು ಹೀಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದರ ದೊಡ್ಡ ತೊಡಕು: ಜನ ಉತ್ತರಿಸದೇ ಬಿಡುವುದು ಬಿಂಜ್ ನಡೆಯುತ್ತಿರುವ ಹೊತ್ತಿನಲ್ಲೇ. ಖಾಲಿ ಉಳಿದದ್ದು ಏನೂ ಆಗದ ಹೊತ್ತಲ್ಲ, ಎಲ್ಲವೂ ಆದ ಹೊತ್ತು ಇರಬಹುದು. ಎರಡನೇ ದಿನವೇ ಕೋಆರ್ಡಿನೇಟರ್ ಕರೆ ಮಾಡಿ ‘ಯಾವ ಹೊತ್ತಿನಲ್ಲಿ ಉತ್ತರಿಸಲು ಕಷ್ಟ, ಹೇಗೆ ಸುಲಭ ಮಾಡೋಣ’ ಎಂದು ಕೇಳಿದರೆ ಉಳಿದ ದಿನಗಳು ಉಳಿಯುತ್ತವೆ. ವಾರ ಬಿಟ್ಟು ಕೇಳಿದರೆ ಕಾಲ ಮಿಂಚಿರುತ್ತದೆ.

ನಮ್ಮ ನಾಲ್ಕು ಈಗ ಡೇಟಾ ಮ್ಯಾನೇಜರ್ ಕೈಗೆ ಬಂದಿದೆ. ಇಬ್ಬರು ಬೇರೆಬೇರೆಯಾಗಿ ಏರಿಸಿ ಹೋಲಿಸುವುದು ಹಳೆಯ ಪದ್ಧತಿ, ಈಗಲೂ ಒಳ್ಳೆಯ ಪದ್ಧತಿ. 45.0 ಕಿಲೋ 450 ಆಗಿದ್ದರೆ ಕಂಪ್ಯೂಟರೇ ಕೂಗುತ್ತದೆ. ನಾಲ್ಕು ಒಂಬತ್ತಾದರೆ ಕೂಗುವುದಿಲ್ಲ, ಮೂಲ ಹಾಳೆಯೊಡನೆ ಕೂತು ನೋಡುವವರು ಬೇಕು. ‘0’ ಮತ್ತು ‘ಕೇಳಲಿಲ್ಲ’ ಎರಡನ್ನೂ ಖಾಲಿ ಬಿಡುವುದು ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸ.

ಸಂಖ್ಯಾಶಾಸ್ತ್ರಜ್ಞರನ್ನು ಕೊನೆಯಲ್ಲಿ ಕರೆಯುವ ರೂಢಿ ಇದೆ. ಅವರನ್ನು ಮೊದಲ ದಿನವೇ ಕರೆಯಬೇಕು. ಬಿಂಜ್ ಎಣಿಕೆಗೆ ಸರಾಸರಿ ಮೋಸ ಮಾಡುತ್ತದೆ: ಹತ್ತು ಜನರಲ್ಲಿ ಒಂಬತ್ತು ಮಂದಿಗೆ ತಲಾ 2, ಒಬ್ಬರಿಗೆ 42 ಆದರೆ ಸರಾಸರಿ 6 ಬರುತ್ತದೆ. ಆ ಆರು ಅಲ್ಲಿರುವ ಯಾರದೂ ಅಲ್ಲ. ಇಂಥ ಎಣಿಕೆಗಳಿಗೆ ತಕ್ಕ ಬೇರೆ ಲೆಕ್ಕದ ವಿಧಾನಗಳಿವೆ. ಯಾವುದನ್ನು ಬಳಸುತ್ತೇವೆ, ಮುಖ್ಯ ಫಲಿತಾಂಶ ಯಾವುದು ಎಂಬುದನ್ನು ಡೇಟಾ ನೋಡುವ ಮೊದಲೇ ಬರೆದು ನೋಂದಾಯಿಸಬೇಕು.

ಇವರೆಲ್ಲರ ಜೊತೆ ಇನ್ನೊಂದು ಗುಂಪಿರಬೇಕು: ಈ ಕಾಯಿಲೆಯನ್ನು ಸ್ವತಃ ಅನುಭವಿಸಿದವರು, ಅವರ ಮನೆಯವರು. ಸಲಹೆಗಾರರಾಗಿ, ಸಂಭಾವನೆ ಪಡೆದು. ಮಾಹಿತಿ ಹಾಳೆಯಲ್ಲಿರುವ ಬಿಎಂಐ ಅಂಕಿ ಓದುವವರಿಗೆ ಗುರಿಯಂತೆ ಕಾಣುತ್ತದೆ, ತೆಗೆಯಿರಿ ಎಂದು ಹೇಳಬಲ್ಲವರು ಅವರೇ. ಅವರ ಕಥೆಯನ್ನು ಪ್ರತಿ ಸಭೆಯಲ್ಲೂ ಹೇಳಿಸಬಾರದು. ಆರೋಗ್ಯ ಕೆಟ್ಟಾಗ ಕಾರಣ ಹೇಳದೆ ಬಿಡುವು ತೆಗೆದುಕೊಳ್ಳುವ ಹಕ್ಕು ಅವರಿಗಿರಬೇಕು. ಸಿಬ್ಬಂದಿಯಲ್ಲೂ ಇಂಥ ಹಿನ್ನೆಲೆಯವರು ಇರುತ್ತಾರೆ. ಕೆಲಸಕ್ಕೆ ಸೇರುವಾಗ ಅದನ್ನು ಕೆದಕುವಂತಿಲ್ಲ. ಆದರೆ ವಾರಕ್ಕೊಮ್ಮೆ ಹಿರಿಯರ ಜೊತೆ ಕೂತು ಮಾತಾಡುವ ಹೊತ್ತು ಪ್ರತಿಯೊಬ್ಬರಿಗೂ, ಕೇಳಲಿ ಬಿಡಲಿ, ಇರಬೇಕು. ದಿನಕ್ಕೆ ಮೂರು ಸಂದರ್ಶನ ಮಾಡಿದವರಿಗೆ ನಾಲ್ಕನೆಯದನ್ನು ಕೊಡಬಾರದು.

ಕೊನೆಯ ಕೆಲಸ ಹನ್ನೆರಡು ತಿಂಗಳ ನಂತರದ ಕರೆ. ರಿಸರ್ಚ್ ಅಸಿಸ್ಟೆಂಟ್‌ಗಳು ಒಂದೆರಡು ವರ್ಷದಲ್ಲಿ ಮುಂದಿನ ಓದಿಗೆ ಹೊರಟುಬಿಡುತ್ತಾರೆ. ಭಾಗವಹಿಸಿದವರಿಗೆ ಗೊತ್ತಿದ್ದ ದನಿ ಬದಲಾಗಿ ಹೊಸ ದನಿ ಕೇಳುತ್ತದೆ. ಹೋಗುವವರು ಹೊಸಬರನ್ನು ಒಮ್ಮೆ ಪರಿಚಯಿಸಿ ಹೋದರೆ ಫೋನ್ ಎತ್ತುವವರು ಹೆಚ್ಚುತ್ತಾರೆ. ಎತ್ತದವರಲ್ಲಿ ಪೂರ್ತಿ ಗುಣವಾಗಿ ಆ ದಿನಗಳನ್ನು ಮರೆಯಬೇಕೆನ್ನುವವರೂ ಇರುತ್ತಾರೆ, ಮತ್ತೆ ಕಾಯಿಲೆ ಬಿದ್ದು ಹೇಳಲು ಮುಖವಿಲ್ಲ ಎನ್ನುವವರೂ ಇರುತ್ತಾರೆ. ಆದ್ದರಿಂದ ಬೇರೆಬೇರೆ ದಿನ, ಬೇರೆಬೇರೆ ಹೊತ್ತಿನಲ್ಲಿ ಕೆಲವು ಸಲ ಪ್ರಯತ್ನಿಸಿ, ‘ಪೂರ್ತಿ ಸಂದರ್ಶನ ಬೇಡವಾದರೆ ಎರಡೇ ಪ್ರಶ್ನೆ ಕೇಳುತ್ತೇನೆ’ ಎಂದು ಸಂದೇಶ ಬಿಡುತ್ತಾರೆ. ಒಪ್ಪಿಗೆ ಪತ್ರದಲ್ಲಿ ಹೇಳಿದಷ್ಟು ಸಲಕ್ಕಿಂತ ಒಂದು ಸಲವೂ ಹೆಚ್ಚು ಕರೆಯುವುದಿಲ್ಲ. ಉತ್ತರ ಬಾರದಿದ್ದರೆ ಆ ಸಾಲಿನಲ್ಲಿ ‘ನಿರಾಕರಿಸಿದರು’ ಎಂದಲ್ಲ, ‘ಸಂಪರ್ಕ ಸಿಗಲಿಲ್ಲ’ ಎಂದು ಬರೆದು, ಕರೆ ಮಾಡಿದ ದಿನಾಂಕ, ಹೊತ್ತು ಎರಡನ್ನೂ ನಮೂದಿಸುತ್ತಾರೆ.